ನಾಲ್ಕು ಮೀಟರಿನೊಳಗೊಂದು ಸಂಸಾರ

ಇವತ್ತಿನ ಮಾತು ಒಂದು ಗಾಡಿಯ ಮೇಲೆ. ಕಾಂಪ್ಯಾಕ್ಟ್ ಎಸ್‌ಯುವಿ ಅಂತ ಅದಕ್ಕೆ ಹೆಸರು. ನಿಮ್ಮ ಮಗನೋ ಅಳಿಯನೋ ಮುಂಬಯಿ ಕಡೆ ಇದ್ದರೆ ಫೋನಿನಲ್ಲಿ ಈ ಹೆಸರು ಈಗಾಗಲೇ ನಿಮ್ಮ ಕಿವಿಗೆ ಬಿದ್ದಿರುತ್ತದೆ. ತೆಗೆದುಕೊಳ್ಳೋಣವೋ ಬೇಡವೋ ಎಂಬ ಚರ್ಚೆಯೂ ಮನೆಯಲ್ಲಿ ನಡೆದಿರುತ್ತದೆ.

ಗಾಡಿಯನ್ನು ನೋಡದವರಿಗೆ ಒಂದು ಮಾತು. ಮುಂದೆ ನಿಂತು ನೋಡಿದರೆ ಜೀಪಿನ ಗತ್ತು. ಎತ್ತರದ ಬಾನೆಟ್, ದಪ್ಪ ಗಾಲಿ, ಅಂಚಿಗೆಲ್ಲ ಕಪ್ಪು ಪ್ಲಾಸ್ಟಿಕ್ಕಿನ ಪಟ್ಟಿ. ಪಕ್ಕಕ್ಕೆ ಬಂದು ನೋಡಿ. ಹಿಂಬದಿ ಥಟ್ಟನೆ ಮುಗಿದುಹೋಗುತ್ತದೆ. ಇನ್ನೂ ಅರ್ಧ ಮೊಳ ಇರಬೇಕಿತ್ತಲ್ಲ ಅನ್ನಿಸುತ್ತದೆ. ಅನ್ನಿಸಿದ್ದು ಸರಿಯೇ. ಗಾಡಿಯನ್ನು ಅಲ್ಲಿಗೇ ಮೊಟಕು ಮಾಡಿದ್ದು ಇಂಜಿನಿಯರನ ಇಷ್ಟವಲ್ಲ, ಸರ್ಕಾರದ ತೆರಿಗೆ.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ. ಮುಂಬಯಿಯ ಸುತ್ತಲಿನ ಈ ನಾಲ್ಕು ಕಡೆ ಕನ್ನಡದವರ ಸಂಸಾರಗಳು ಬಹಳ. ಹೋಟೆಲಿನವರು, ಬ್ಯಾಂಕಿನವರು, ಕಾರ್ಖಾನೆಯವರು, ಈಗ ಐರೋಲಿಯ ಐಟಿ ಕಚೇರಿಗಳ ಹುಡುಗರು. ಇಂಥ ಮನೆಗೆ ಈ ಮೊಟಕು ಗಾಡಿ ಎಷ್ಟು ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ನನ್ನ ವಿಷಯ. ನಡುವೆ ಕೆಲವು ಕಂಪನಿಗಳ ಹೆಸರು ಬರುತ್ತವೆ. ಅದು ಉದಾಹರಣೆಗೆ, ಜಾಹೀರಾತಿಗಲ್ಲ.

ಮೊದಲು ಆ ನಾಲ್ಕು ಮೀಟರಿನ ಕಥೆ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರಿನ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. ಯಾವುದು ಸಣ್ಣ ಕಾರು? ಉದ್ದ ನಾಲ್ಕು ಮೀಟರ್ ಮೀರಬಾರದು. ಪೆಟ್ರೋಲ್ ಇಂಜಿನ್ 1200 ಸಿಸಿ ಮೀರಬಾರದು, ಡೀಸೆಲ್ ಆದರೆ 1500. ಈ ಗೆರೆ ಎಳೆದದ್ದೇ ತಡ, ಇಡೀ ದೇಶದ ಕಾರುಗಳು ಅದರೊಳಗೆ ಮೈ ಮುದುಡಿಕೊಂಡವು. ಮೊದಲು ಮುದುಡಿದ್ದು ಸಣ್ಣ ಕಾರು. ಆಮೇಲೆ ಡಿಕ್ಕಿ ಇರುವ ಸೆಡಾನ್. ಕೊನೆಗೆ ಎಸ್‌ಯುವಿ.

ಈ ಕಥೆಯಲ್ಲಿ ಡೊಂಬಿವಲಿಗೂ ಒಂದು ಪಾತ್ರವಿದೆ. ಪದ್ಮಿನಿ ಕಾರಿನ ಪ್ರೀಮಿಯರ್ ಕಂಪನಿ ನಿಮಗೆ ನೆನಪಿರಬೇಕು. ಅದಕ್ಕೆ ಕುರ್ಲಾದಲ್ಲಿ ಒಂದು ಕಾರ್ಖಾನೆ, ಡೊಂಬಿವಲಿಯ ಕಲ್ಯಾಣ್-ಶೀಳ್ ರಸ್ತೆಯ ಬದಿಗೆ ಇನ್ನೊಂದು. 1990ರ ದಶಕದಲ್ಲಿ ಫ್ರಾನ್ಸಿನ ಪೆಜೋ 309 ಕಾರು ತಯಾರಾದದ್ದು ಇಲ್ಲಿಯೇ. ಅದೇ ಪ್ರೀಮಿಯರ್ 2009ರಲ್ಲಿ ಪುಣೆ ಬಳಿಯ ಚಿಂಚವಾಡದಿಂದ ರಿಯೋ ಎಂಬ ಗಾಡಿಯನ್ನು ಮಾರುಕಟ್ಟೆಗೆ ಬಿಟ್ಟಿತು. ನಾಲ್ಕು ಮೀಟರಿಗೆ ಸ್ವಲ್ಪ ಕಡಿಮೆ ಉದ್ದ, ಎಸ್‌ಯುವಿ ಮೈಕಟ್ಟು. ಯಾರೂ ಅಷ್ಟಾಗಿ ತಿರುಗಿ ನೋಡಲಿಲ್ಲ. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್ ಬಂತು. ಆಗ ಎಲ್ಲರೂ ತಿರುಗಿದರು. 2016ರಲ್ಲಿ ಮಾರುತಿಯ ಬ್ರೆಝಾ, 2017ರಲ್ಲಿ ಟಾಟಾ ನೆಕ್ಸಾನ್, 2019ರಲ್ಲಿ ಹ್ಯುಂಡೈ ವೆನ್ಯೂ, ಮಹೀಂದ್ರದ ಎಕ್ಸ್‌ಯುವಿ 300. ಆಮೇಲೆ ಸಾಲುಸಾಲು. ಸಾಲು ಕಟ್ಟಿಸಿದ ಫೋರ್ಡ್ ಮಾತ್ರ 2021ರಲ್ಲಿ ಭಾರತದಲ್ಲಿ ಕಾರು ತಯಾರಿಸುವುದನ್ನೇ ನಿಲ್ಲಿಸುವುದಾಗಿ ಸಾರಿಬಿಟ್ಟಿತು.

ಈಗಲೂ ಆ ಗೆರೆ ಹಾಗೆಯೇ ಇದೆ. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಗಾಡಿಗೆ ಜಿಎಸ್‌ಟಿ ಶೇಕಡಾ 18, ಗೆರೆ ದಾಟಿದರೆ 40. ತೆರಿಗೆ ಸೇರದೆ 8 ಲಕ್ಷ ರೂಪಾಯಿಯ ಗಾಡಿ ಅಂತ ಇಟ್ಟುಕೊಳ್ಳಿ. ಒಳಗಿದ್ದರೆ ಸುಮಾರು ಒಂಬತ್ತೂವರೆ ಲಕ್ಷ. ಹೊರಗಿದ್ದರೆ ಹನ್ನೊಂದು ಲಕ್ಷದ ಮೇಲೆ. ಇದರ ಮೇಲೆ ಮಹಾರಾಷ್ಟ್ರದ ರಸ್ತೆ ತೆರಿಗೆ ಬೇರೆ. ಪೆಟ್ರೋಲ್ ಗಾಡಿಗೆ ಅದು ಶೇಕಡಾ 11ರಿಂದ ಶುರು, ಡೀಸೆಲಿಗೆ 13ರಿಂದ. ಎಂಎಚ್ 04 ಅನ್ನುವ ಥಾಣೆಯ ಫಲಕ, ಎಂಎಚ್ 05 ಅನ್ನುವ ಕಲ್ಯಾಣದ ಫಲಕ, ಎಂಎಚ್ 43 ಅನ್ನುವ ನವಿಮುಂಬಯಿಯ ಫಲಕ, ಯಾವುದು ಬಿದ್ದರೂ ಲೆಕ್ಕ ಒಂದೇ.

ಇಲ್ಲೊಂದು ಸೂಕ್ಷ್ಮವಿದೆ. ಉದ್ದ ಮಾತ್ರ ಕಡಿಮೆ ಇದ್ದರೆ ಸಾಲದು. ಬ್ರೆಝಾದ ಉದ್ದ ನಾಲ್ಕು ಮೀಟರಿನೊಳಗೇ ಇದೆ. ಆದರೆ ಅದರ ಪೆಟ್ರೋಲ್ ಇಂಜಿನ್ ಸುಮಾರು 1460 ಸಿಸಿ. ಹಾಗಾಗಿ ಅದಕ್ಕೆ 18 ಅಲ್ಲ, 40. ಶೋರೂಮಿನ ಹುಡುಗ ಇದನ್ನು ತಾನಾಗಿ ಹೇಳುವುದಿಲ್ಲ. ಕೇಳಬೇಕು.

ಗೆರೆ ಎಳೆದದ್ದು ತೆರಿಗೆ, ಲಾಭ ನಮ್ಮ ಜೇಬಿಗೆ. ಇಷ್ಟಾಯಿತು. ಇನ್ನು ಆ ಗಾಡಿ ದಿನವಿಡೀ ಎಲ್ಲಿ ಇರುತ್ತದೆ ಅನ್ನುವುದನ್ನು ನೋಡೋಣ. ಓಡುವ ಮಾತು ಆಮೇಲೆ. ಯಾಕೆಂದರೆ ಡೊಂಬಿವಲಿಯ ಕಾರು ಓಡುವುದಕ್ಕಿಂತ ಹೆಚ್ಚು ಹೊತ್ತು ನಿಂತಿರುತ್ತದೆ.

ಸೋಮವಾರದಿಂದ ಶುಕ್ರವಾರದವರೆಗೆ ಇಲ್ಲಿ ಮನುಷ್ಯನನ್ನು ಕೆಲಸಕ್ಕೆ ಒಯ್ಯುವುದು ಲೋಕಲ್ ರೈಲು. ಡೊಂಬಿವಲಿ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಎಂಟಕ್ಕೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರಿನಲ್ಲಿ ಹೊರಟರೆ ಶೀಳ್‌ಫಾಟಾ ಜಂಕ್ಷನ್ನಿನಲ್ಲಿ ಒಂದು ಗಂಟೆ, ಮುಂದೆ ಎಲ್ಲಿ ಎಷ್ಟೋ. ಮೋಟಾಗಾಂವ್-ಮಾಣ್ಕೋಲಿ ಸೇತುವೆ ತೆರೆದ ಮೇಲೆ ಡೊಂಬಿವಲಿಯಿಂದ ಥಾಣೆಗೆ ಬೇಗ ಮುಟ್ಟಬಹುದು, ನಿಜ. 2024ರ ಅಕ್ಟೋಬರಿನಿಂದ ಮುಲುಂಡ್, ಐರೋಲಿ, ವಾಶಿ ನಾಕಾಗಳಲ್ಲಿ ಕಾರಿಗೆ ಟೋಲೂ ಇಲ್ಲ. ಆದರೂ ಮುಂಬಯಿಯ ಕಚೇರಿಗಳಿರುವ ನರಿಮನ್ ಪಾಯಿಂಟಿಗೆ, ಬಿಕೆಸಿಗೆ ದಿನಾ ಕಾರಿನಲ್ಲಿ ಹೋಗಿಬರುವವರನ್ನು ನಾನು ಬಲ್ಲೆ. ಅವರ ಮುಖ ನೋಡಿದರೆ ರೈಲೇ ವಾಸಿ ಅನ್ನಿಸುತ್ತದೆ.

ಹೀಗಾಗಿ ಗಾಡಿ ನಿಂತಿರುತ್ತದೆ. ನಿಲ್ಲುವುದೆಲ್ಲಿ? ಡೊಂಬಿವಲಿ ಪೂರ್ವದ ಹಳೆಯ ನಾಲ್ಕು ಮಹಡಿ ಕಟ್ಟಡಗಳಿಗೆ ಲಿಫ್ಟೇ ಇಲ್ಲ, ಪಾರ್ಕಿಂಗ್ ಎಲ್ಲಿಂದ ಬರಬೇಕು? ವಾಶಿ, ನೆರೂಲಿನಲ್ಲಿ ಸಿಡ್ಕೋ ಎಂಬ ಸರ್ಕಾರಿ ಸಂಸ್ಥೆ ಕಟ್ಟಿಸಿದ ಹಳೆಯ ಸಣ್ಣ ಮನೆಗಳ ಮುಂದೆಯೂ ಅದೇ ಪಾಡು. ಅವನ್ನು ಕಟ್ಟುವಾಗ ಈ ಮನೆಯವರು ಮುಂದೆ ಕಾರು ಇಡುತ್ತಾರೆ ಎಂದು ಯಾರೂ ಎಣಿಸಿರಲಿಲ್ಲ. ಹೊಸ ಗಗನಚುಂಬಿಗಳಲ್ಲಿ ಜಾಗ ಕೊಡುತ್ತಾರೆ. ಸಣ್ಣ ಕಾರಿನ ಜಾಗ ಅಂದರೆ ಎರಡೂಕಾಲು ಮೀಟರಿನಷ್ಟು ಅಗಲ, ನಾಲ್ಕೂವರೆ ಮೀಟರ್ ಉದ್ದ. ಉದ್ದಕ್ಕೆ ನಮ್ಮ ಗಾಡಿ ಸಲೀಸಾಗಿ ಕೂರುತ್ತದೆ. ಆರೇಳು ಜನ ಕೂರುವ ದೊಡ್ಡ ಗಾಡಿಯ ಮೂತಿ ಓಣಿಗೆ ಚಾಚಿಕೊಂಡು ಸೊಸೈಟಿಯ ಕಾರ್ಯದರ್ಶಿಯಿಂದ ನೋಟಿಸ್ ತರುತ್ತದೆ. ನಮ್ಮದಕ್ಕೆ ಆ ಕಾಟವಿಲ್ಲ. ನಾಲ್ಕು ಮೀಟರಿನ ದೊಡ್ಡ ಗುಣ ಇದೇ.

ಆದರೆ ಉದ್ದ ಕತ್ತರಿಸಿದವರು ಅಗಲ ಕತ್ತರಿಸಲಿಲ್ಲ. ಈ ಗಾಡಿಗಳ ಅಗಲ 1.8 ಮೀಟರಿನ ಆಸುಪಾಸು. ಎರಡೂಕಾಲು ಮೀಟರಿನ ಜಾಗದಲ್ಲಿ ನಿಲ್ಲಿಸಿದರೆ ಎರಡೂ ಪಕ್ಕಕ್ಕೆ ಒಂದೊಂದು ಗೇಣು ಉಳಿಯುತ್ತದೆ. ಒಂದು ಪಕ್ಕ ಕಂಬವಿದ್ದರೆ ಬಾಗಿಲು ತೆರೆದು ಹೊಟ್ಟೆ ಒಳಗೆಳೆದುಕೊಂಡು ಇಳಿಯಬೇಕು. ಅತ್ತೆಯವರನ್ನು ಮೊದಲೇ ಹೊರಗೆ ಇಳಿಸಿ ಆಮೇಲೆ ಗಾಡಿ ಒಳಗಿಡಬೇಕು. ಯಾಂತ್ರಿಕ ಪಾರ್ಕಿಂಗ್ ಇರುವ ಕಟ್ಟಡದಲ್ಲಿ ಎತ್ತರದ ಲೆಕ್ಕವೂ ಇದೆ. ಒಂದರ ಮೇಲೊಂದು ಕಾರು ಏರಿಸುವ ಹಳೆಯ ಯಂತ್ರಗಳಲ್ಲಿ ಎಷ್ಟೋ ಸೆಡಾನಿನ ಎತ್ತರಕ್ಕೆ ಮಾಡಿದವು. ನೆಕ್ಸಾನ್, ವೆನ್ಯೂ ಎತ್ತರ 1.6 ಮೀಟರ್ ದಾಟುತ್ತದೆ, ಬ್ರೆಝಾ 1.7ಕ್ಕೆ ಹತ್ತಿರ. ಕೆಳಗಿನ ಅಂತಸ್ತಿನಲ್ಲಿ ತಲೆ ತಾಗಿತೆಂದರೆ ಕಂಪನಿಯೂ ಹೊಣೆಯಲ್ಲ, ಸೊಸೈಟಿಯೂ ಹೊಣೆಯಲ್ಲ.

ಉದ್ದ ಅನುಕೂಲ, ಅಗಲ ಕಿರಿಕಿರಿ. ಎತ್ತರದ್ದು ಇನ್ನೂ ದೊಡ್ಡ ಮಾತು. ಜನ ಈ ಗಾಡಿಗೆ ಮರುಳಾಗುವುದೇ ಎತ್ತರಕ್ಕೆ.

ಎತ್ತರದಿಂದ ಮೊದಲು ಗೆಲ್ಲುವವರು ಮನೆಯ ಹಿರಿಯರು. ಮಂಡಿ ನೋವಿನ ಅಮ್ಮ ಸಣ್ಣ ಕಾರಿನಲ್ಲಿ ಕೂರುವುದನ್ನು ನೋಡಿದ್ದೀರಲ್ಲ. ಮೊದಲು ಬೆನ್ನು ತಿರುಗಿಸಬೇಕು, ಆಮೇಲೆ ದೊಪ್ಪನೆ ಕೆಳಗೆ ಬೀಳಬೇಕು, ಆಮೇಲೆ ಕಾಲು ಒಂದೊಂದಾಗಿ ಒಳಗೆಳೆದುಕೊಳ್ಳಬೇಕು. ಏಳುವಾಗ ಇಬ್ಬರು ಕೈ ಹಿಡಿಯಬೇಕು. ದೊಡ್ಡ ಎಸ್‌ಯುವಿಗೆ ಮೆಟ್ಟಿಲು ಹತ್ತಬೇಕು. ಕಾಂಪ್ಯಾಕ್ಟ್ ಎಸ್‌ಯುವಿಯ ಸೀಟು ಎರಡರ ನಡುವೆ, ಸರಿಸುಮಾರು ಸೊಂಟದ ಮಟ್ಟಕ್ಕೆ ಇರುತ್ತದೆ. ಸೀರೆ ಸರಿಮಾಡಿಕೊಂಡು ಪಕ್ಕಕ್ಕೆ ಸರಿದರೆ ಕೂತಂತೆಯೇ. ಎಪ್ಪತ್ತು ದಾಟಿದವರಿರುವ ಮನೆಗೆ ಉಳಿದ ಹತ್ತು ಗುಣಗಳಿಗಿಂತ ಈ ಒಂದು ಗುಣ ಹೆಚ್ಚು. ಸನ್‌ರೂಫಿಗೆ ಹಣ ಸುರಿಯುವವರು ಇದನ್ನು ಯೋಚಿಸುವುದಿಲ್ಲ. ಥಾಣೆಯ ಮೇ ತಿಂಗಳ ಬಿಸಿಲಿನಲ್ಲಿ, ಜುಲೈ ಮಳೆಯಲ್ಲಿ ಆ ಚಾವಣಿಯ ಕಿಟಕಿ ಯಾರಿಗೆ ಬೇಕು? ಮಕ್ಕಳು ಅದರಿಂದ ತಲೆ ಹೊರಹಾಕಿ ನಿಲ್ಲುತ್ತಾರೆ. ಅದನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಎರಡನೆಯ ಗೆಲುವು ಗುಂಡಿಗಳ ಮೇಲೆ. ಘೋಡಬಂದರ್ ರಸ್ತೆಯ ಗಾಯ್ಮುಖ್ ಘಾಟಿ, ಮುಂಬ್ರಾ ಬೈಪಾಸ್, ಕಲ್ಯಾಣ್-ಶೀಳ್ ರಸ್ತೆ, ಇವುಗಳ ಮಳೆಗಾಲದ ರೂಪ ಗೊತ್ತಿರುವವರಿಗೆ ಗೊತ್ತು. ಈ ಗಾಡಿಗಳ ಹೊಟ್ಟೆ ನೆಲದಿಂದ ಇಪ್ಪತ್ತು ಸೆಂಟಿಮೀಟರಿನಷ್ಟು ಮೇಲಿರುತ್ತದೆ. ಸಾಧಾರಣ ಸಣ್ಣ ಕಾರಿನದು ಹದಿನೇಳರ ಆಸುಪಾಸು. ಮೂರು ಸೆಂಟಿಮೀಟರ್ ಅಂದರೆ ಎರಡು ಬೆರಳು. ಆದರೆ ಸ್ಪೀಡ್ ಬ್ರೇಕರಿನ ಮೇಲೆ ಕರ್ರನೆ ಸದ್ದಾಗುವುದೂ ಆಗದಿರುವುದೂ ಆ ಎರಡು ಬೆರಳಿನಲ್ಲೇ ಇದೆ. ಒಂದು ಎಚ್ಚರಿಕೆ. ಪುಸ್ತಿಕೆಯಲ್ಲಿ ಬರೆದ ಎತ್ತರ ಸಾಮಾನ್ಯವಾಗಿ ಖಾಲಿ ಗಾಡಿಯದು. ಐವರು ಕೂತು ಡಿಕ್ಕಿ ತುಂಬಿದರೆ ಹೊಟ್ಟೆ ಕೆಳಗಿಳಿಯುತ್ತದೆ. ಗಾಲಿಯ ವಿಷಯದಲ್ಲೂ ಹುಷಾರು. ಹದಿನಾರು ಇಂಚಿನ ಗಾಲಿಗೆ ದಪ್ಪ ರಬ್ಬರು ಇರುವುದು ಗುಂಡಿಗೆ ಒಳ್ಳೆಯದು. ಮೇಲಿನ ಮಾದರಿಯ ಹೊಳೆಯುವ ದೊಡ್ಡ ಅಲಾಯ್ ಗಾಲಿಯಲ್ಲಿ ರಬ್ಬರು ತೆಳು, ಅಂಚು ಬೇಗ ಬಾಗುತ್ತದೆ.

ಇನ್ನು ನೀರು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಎತ್ತರದ ಗಾಡಿ ಇದೆ, ನೀರಿಗೆ ಹೆದರಬೇಕಿಲ್ಲ ಎಂಬ ನಂಬಿಕೆ ಈ ಭಾಗದಲ್ಲಿ ಬಲವಾಗಿದೆ. 2005ರ ಜುಲೈ 26 ಯಾರಿಗೆ ಮರೆತೀತು? ಸಾಂತಾಕ್ರೂಸಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಉಲ್ಹಾಸ್ ನದಿ ಉಕ್ಕಿ ಕಲ್ಯಾಣ್, ಬದ್ಲಾಪುರದ ಕಡೆ ಮೊದಲ ಮಹಡಿಗೆ ನೀರು ಬಂತು. 2019ರ ಜುಲೈಯಲ್ಲಿ ಬದ್ಲಾಪುರ-ವಾಂಗಣಿ ನಡುವೆ ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸೇ ನೀರಿನ ನಡುವೆ ಸಿಕ್ಕಿಬಿತ್ತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಹೊರತಂದರು. ರೈಲನ್ನು ಬಿಡದ ನೀರು ನಾಲ್ಕು ಮೀಟರಿನ ಗಾಡಿಯನ್ನು ಬಿಟ್ಟೀತೆ?

ಲೆಕ್ಕ ಹೀಗೆ. ಈ ಗಾಡಿಯ ಗಾಲಿಯ ಎತ್ತರ ಸುಮಾರು 65 ಸೆಂಟಿಮೀಟರ್. ಅರ್ಧ ಗಾಲಿ ಮುಳುಗಿತೆಂದರೆ ಒಂದಡಿ ನೀರು. ಅಲ್ಲಿಗೆ ನಿಲ್ಲಿಸಬೇಕು, ಹಿಂದಿರುಗಬೇಕು. ಮುಂದಿನ ಲಾರಿ ಎಬ್ಬಿಸಿದ ಅಲೆ ಬಾನೆಟ್ಟಿನ ಮೇಲೇರಿದರೆ ಇಂಜಿನ್ ಗಾಳಿಯ ಬದಲು ನೀರನ್ನು ಕುಡಿಯುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಒಳಗಿನ ಪಿಸ್ಟನ್ನಿಗೆ ಜೋಡಿಸಿದ ಉಕ್ಕಿನ ರಾಡೇ ಬಾಗುತ್ತದೆ. ಹರಿಯುವ ನೀರಾದರೆ ಎರಡಡಿ ಸಾಕು, ಹನ್ನೆರಡು ನೂರು ಕಿಲೋ ತೂಕದ ಕಾರನ್ನು ಎತ್ತಿ ಒಯ್ಯುತ್ತದೆ. ನೀರಿನಲ್ಲಿ ಬಂದ್ ಆದ ಗಾಡಿಯ ಬಟನ್ ಮತ್ತೆ ಒತ್ತಬೇಡಿ. ಟೋ ಮಾಡಿಸಿ. ಇಂಜಿನ್ನಿಗೆ ನೀರು ಹೊಕ್ಕ ಹಾನಿಗೆ ಸಾಧಾರಣ ವಿಮೆಯಲ್ಲಿ ಹಣ ಸಿಗುವುದಿಲ್ಲ. ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕಲಮು ಬೇಕು. ಬೇರೆ ಊರಿನಲ್ಲಿ ಇದನ್ನು ಬಿಡಬಹುದು. ಕಲ್ಯಾಣ್-ಡೊಂಬಿವಲಿಯಲ್ಲಿ ಬಿಡಬಾರದು.

ಎತ್ತರದ ಇನ್ನೊಂದು ದೋಷವನ್ನು ಯಾರೂ ಹೇಳುವುದಿಲ್ಲ. ಬಾನೆಟ್ ಎತ್ತರ, ಹಿಂದಿನ ಗಾಜು ಸಣ್ಣದು, ಮೂಲೆಯ ಕಂಬ ದಪ್ಪ. ಗಾಡಿಯ ತೀರ ಹತ್ತಿರ ನಿಂತ ಮೂರು ವರ್ಷದ ಮಗು ಡ್ರೈವರಿಗೆ ಕಾಣುವುದಿಲ್ಲ. ನಮ್ಮ ಕಟ್ಟಡಗಳ ಕಾಂಪೌಂಡಿನಲ್ಲಿ ಸಂಜೆ ಮಕ್ಕಳು ಆಡುವುದು ಇದೇ ಗಾಡಿಗಳ ಸಂದಿಯಲ್ಲಿ. ಹಿಂಬದಿ ಕ್ಯಾಮೆರಾ ಇರುವ ಮಾದರಿಯನ್ನೇ ಕೊಳ್ಳಿ. ಹೊರಡುವ ಮೊದಲು ಒಂದು ಸುತ್ತು ಹಾಕಿ.

ಹಿರಿಯರಿಗೆ ಹಿತ, ಗುಂಡಿಗೆ ಜಾಣ, ನೀರಿಗೆ ಅಲ್ಲ. ಎತ್ತರದ ಮಾತು ಇಷ್ಟು. ಈಗ ಬಾಗಿಲು ತೆರೆದು ಒಳಗೆ ಹೋಗೋಣ. ನಾಲ್ಕು ಮೀಟರಿಗೆ ತೆತ್ತ ಬೆಲೆ ಗೊತ್ತಾಗುವುದು ಒಳಗೆ.

ಮುಂದೆ ಇಬ್ಬರಿಗೆ ರಾಜಯೋಗ. ಹಿಂದೆ ಇಬ್ಬರಾದರೆ ಸುಖ, ಮೂವರಾದರೆ ಸಹನೆ. ನಡುವಿನವರ ಕಾಲ ಕೆಳಗೆ ಉಬ್ಬು, ಬೆನ್ನಿಗೆ ಗಟ್ಟಿ. ನಮ್ಮ ಮನೆಗಳಲ್ಲಿ ಗಂಡ ಹೆಂಡತಿ, ಎರಡು ಮಕ್ಕಳು, ಒಬ್ಬ ಅಜ್ಜಿ. ಅಜ್ಜಿಯನ್ನು ನಡುವೆ ಕೂರಿಸುವ ಹಾಗಿಲ್ಲ. ಆ ಜಾಗ ಚಿಕ್ಕ ಮಗುವಿನದಾಗುತ್ತದೆ. ಮಗು ದೊಡ್ಡದಾದ ದಿನ ಗಾಡಿ ಚಿಕ್ಕದಾಗುತ್ತದೆ. ಹಿಂದೆ ಮೂವರಿಗೂ ಹೆಗಲ ಮೇಲೆ ಬರುವ ಬೆಲ್ಟ್ ಇದೆಯೇ ಎಂದು ಕೈಯಿಂದ ಎಳೆದು ನೋಡಿ. ಇದ್ದರೆ ಹಾಕಿಕೊಳ್ಳಿ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ನಮ್ಮ ನೆರೆಯ ಪಾಲ್ಘರ್ ಜಿಲ್ಲೆಯ ಹೆದ್ದಾರಿಯಲ್ಲಿ. ಅವರು ಕೂತಿದ್ದು ದುಬಾರಿ ಎಸ್‌ಯುವಿಯ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಗಾಡಿಯ ಗಟ್ಟಿತನದಲ್ಲಿ ಈ ವರ್ಗ ಬಹಳ ಮುಂದೆ ಬಂದಿದೆ, ಒಪ್ಪಬೇಕು. 2018ರ ಕೊನೆಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು ನೆಕ್ಸಾನ್, ಅಂದರೆ ಒಂದು ಕಾಂಪ್ಯಾಕ್ಟ್ ಎಸ್‌ಯುವಿ. 2023ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಆದರೆ ಆ ನಕ್ಷತ್ರ ಬೆಲ್ಟ್ ಹಾಕಿದ ಗೊಂಬೆಗೆ ಕೊಟ್ಟದ್ದು.

ಡಿಕ್ಕಿಗೆ ಬನ್ನಿ. 350 ಲೀಟರ್ ಅನ್ನುತ್ತಾರೆ. ಲೀಟರಿನ ಲೆಕ್ಕ ನಮಗೆ ಹತ್ತುವುದಿಲ್ಲ. ಊರಿನಿಂದ ಹೊರಡುವಾಗ ಏನೇನು ಬರುತ್ತದೆ ನೋಡಿ. 25 ಕಿಲೋ ಕುಚ್ಚಲಕ್ಕಿಯ ಒಂದು ಚೀಲ. ಸಿಪ್ಪೆ ಸುಲಿದ ತೆಂಗಿನಕಾಯಿಯ ಅರ್ಧ ಗೋಣಿ. ಮಾವಿನ ಮಿಡಿ ಉಪ್ಪಿನಕಾಯಿಯ ಡಬ್ಬಿ, ಹಪ್ಪಳದ ಕಟ್ಟು, ಒಂದು ಹಲಸಿನ ಹಣ್ಣು. ಇಷ್ಟಕ್ಕೆ ಡಿಕ್ಕಿ ಭರ್ತಿ. ಬಟ್ಟೆಯ ಸೂಟ್‌ಕೇಸುಗಳು ಇನ್ನೂ ಅಂಗಳದಲ್ಲೇ ಇವೆ. ತೂಕದ ಲೆಕ್ಕವೂ ಇದೆ. ಇಂಥ ಗಾಡಿ ಹೊರುವುದು ಸುಮಾರು 400 ಕಿಲೋ. ಐವರು ದೊಡ್ಡವರೇ 325 ಆಗುತ್ತಾರೆ. ಉಳಿದದ್ದರಲ್ಲಿ ಅಕ್ಕಿ ಮೊದಲೋ ಬಟ್ಟೆ ಮೊದಲೋ, ಮನೆಯವರು ತೀರ್ಮಾನಿಸಬೇಕು. ಸಿಎನ್‌ಜಿ ಗಾಡಿಯಾದರೆ ಡಿಕ್ಕಿಯಲ್ಲಿ ಸಿಲಿಂಡರು. ಟಾಟಾದವರು ಎರಡು ಸಣ್ಣ ಸಿಲಿಂಡರುಗಳನ್ನು ನೆಲಕ್ಕೆ ಹಾಸಿದಂತೆ ಜೋಡಿಸಿ ಸ್ವಲ್ಪ ಜಾಗ ಉಳಿಸಿದ್ದಾರೆ. ಆದರೂ ಹಲಸಿನ ಹಣ್ಣಿಗೆ ಜಾಗವಿಲ್ಲ.

ಇದೇ ಗಾಡಿ ಥಾಣೆಯ ಸಣ್ಣ ಹೋಟೆಲಿನವರಿಗೆ ಬೇರೆ ರೀತಿ ಒದಗುತ್ತದೆ. ಅವರು ಬೆಳಗಿನ ಜಾವ ವಾಶಿಯ ಎಪಿಎಂಸಿ ಸಗಟು ಮಾರುಕಟ್ಟೆಗೆ ಹೋಗುತ್ತಾರೆ. ಹಿಂದಿನ ಸೀಟು ಮಡಚುತ್ತಾರೆ. ಈರುಳ್ಳಿ, ಆಲೂಗಡ್ಡೆ, ತೆಂಗಿನಕಾಯಿ ತುಂಬಿ ಏಳಕ್ಕೆ ಮೊದಲು ಮರಳುತ್ತಾರೆ. ಸಂಜೆ ಅದೇ ಗಾಡಿಯನ್ನು ಒರೆಸಿ ಮದುವೆಗೆ ಹೋಗುತ್ತಾರೆ. ಒಬ್ಬನೇ ಓಡಿಸುವಾಗ ಈ ಗಾಡಿಯಂಥದ್ದು ಇನ್ನೊಂದಿಲ್ಲ.

ಒಳಗೆ ನಾಲ್ವರಿಗೆ ಸರಿ, ಐವರಿಗೆ ಇಕ್ಕಟ್ಟು. ಉಳಿದದ್ದು ಇಂಜಿನ್. ಇಲ್ಲಿ ಒಂದು ಪೇಚಾಟವಿದೆ.

ತೆರಿಗೆಯ ಗೆರೆಯೊಳಗೆ ಇರಬೇಕೆಂದು ಇಂಜಿನ್ ಸಣ್ಣದಾಯಿತು. ಒಂದು ಲೀಟರಿನದೋ 1.2 ಲೀಟರಿನದೋ, ಹೆಚ್ಚಾಗಿ ಮೂರೇ ಸಿಲಿಂಡರು. ನಿಂತಲ್ಲಿ ಸ್ವಲ್ಪ ನಡುಗುತ್ತದೆ. ಬಲಕ್ಕೆಂದು ಟರ್ಬೊ ಜೋಡಿಸುತ್ತಾರೆ. ಟರ್ಬೊ ಇಲ್ಲದ 1.2 ಲೀಟರ್ ಇಂಜಿನ್ ಸುಮಾರು 83 ಅಶ್ವಶಕ್ತಿಯದು. ನವಿಮುಂಬಯಿಯ ಸಪಾಟಾದ ಪಾಮ್ ಬೀಚ್ ರಸ್ತೆಯಲ್ಲಿ ಧಾರಾಳ ಸಾಕು. ಐವರನ್ನು ಕೂರಿಸಿ ಎಸಿ ಹಾಕಿ ಪುಣೆ ದಾರಿಯ ಖಂಡಾಳಾ ಘಾಟಿ ಹತ್ತಿಸಿದರೆ ಉಸಿರು ಕಟ್ಟುತ್ತದೆ. ಅಲ್ಲಿ ಡೀಸೆಲ್ಲೇ ದೊರೆ. ಎಳೆಯುವ ಬಲ ಎರಡು ಪಟ್ಟಿಗೂ ಮೇಲು, ಎಣ್ಣೆಯೂ ಕಡಿಮೆ.

ಹಾಗಾದರೆ ಡೀಸೆಲ್ ಕೊಳ್ಳೋಣವೇ? ಡೊಂಬಿವಲಿಯಲ್ಲಿ ಬೇಡ ಅನ್ನುತ್ತೇನೆ. 2020ರ ಏಪ್ರಿಲಿನಿಂದ ಬಂದ ಬಿಎಸ್ 6 ಹೊಗೆ ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಜಾಲರಿ ಇದೆ. ಮಸಿ ತುಂಬಿದಾಗ ಅದು ತಾನೇ ಸುಟ್ಟುಕೊಳ್ಳಬೇಕು. ಸುಟ್ಟುಕೊಳ್ಳಲು ಗಾಡಿ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ವಾರವೆಲ್ಲ ನಿಂತು, ಭಾನುವಾರ ಮಾರ್ಕೆಟ್ಟಿಗೆ ಎರಡು ಕಿಲೋಮೀಟರ್ ಹೋಗಿ ಬರುವ ಗಾಡಿಯ ಜಾಲರಿ ಕಟ್ಟಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಗ್ಯಾರೇಜಿನ ಬಿಲ್ಲು ಬರುತ್ತದೆ. ಊರಿನ ದಾರಿಗೆ ಹೇಳಿಮಾಡಿಸಿದ ಇಂಜಿನ್ ಡೊಂಬಿವಲಿಯಲ್ಲಿ ನಿಂತು ಕೆಡುತ್ತದೆ.

ಪೆಟ್ರೋಲಿಗೂ ನಿಂತಿರುವ ಶಾಪ ತಪ್ಪಿದ್ದಲ್ಲ. ಬ್ಯಾಟರಿ ಇಳಿಯುತ್ತದೆ. ಮಳೆಗಾಲದಲ್ಲಿ ಇಲಿ ಬಾನೆಟ್ಟಿನೊಳಗೆ ಬೆಚ್ಚಗೆ ಕೂತು ವಯರು ಕಡಿಯುತ್ತದೆ. ಮೈಲೇಜು ಕಂಪನಿ ಹೇಳುವುದು ಹದಿನೆಂಟು, ಶೀಳ್‌ಫಾಟಾ ಕೊಡುವುದು ಹತ್ತು-ಹನ್ನೆರಡು. ತೆವಳುವ ಟ್ರಾಫಿಕ್ಕಿನಲ್ಲಿ ಎಡಗಾಲು ನೋಯುವವರು ಆಟೋಮ್ಯಾಟಿಕ್ ಬೇಡುತ್ತಾರೆ. ನ್ಯಾಯವೇ. ಆದರೆ ಎರಡು ಕ್ಲಚ್ಚಿನ ಡಿಸಿಟಿ ಬಗೆಯದು ಇಂಚಿಂಚು ತೆವಳುವಾಗ ಬಿಸಿಯೇರುತ್ತದೆ. ಹಳೆಯ ಟಾರ್ಕ್ ಕನ್ವರ್ಟರ್ ಬಗೆ ನಿಧಾನಿ, ಆದರೆ ಸಹನಶೀಲ. ಸಿಎನ್‌ಜಿ ಅಗ್ಗ, ಮಹಾನಗರ ಗ್ಯಾಸ್ ಕಂಪನಿಯ ಪಂಪುಗಳೂ ಬೇಕಷ್ಟಿವೆ. 2025ರ ನವೆಂಬರಿನಲ್ಲಿ ಕೊಳವೆ ಮಾರ್ಗಕ್ಕೆ ಹಾನಿಯಾದಾಗ ಮಾತ್ರ ಮುಂಬಯಿಯಿಂದ ನವಿಮುಂಬಯಿವರೆಗೆ ಪಂಪುಗಳ ಮುಂದೆ ರಿಕ್ಷಾಗಳ ಸಾಲೇ ಸಾಲು. ವಿದ್ಯುತ್ ಗಾಡಿಯೂ ಈ ವರ್ಗದಲ್ಲಿದೆ. ನಿಮ್ಮ ಸೊಸೈಟಿ ಚಾರ್ಜರಿಗೆ ಒಪ್ಪಿದ ಮೇಲೆ ಅದರ ಮಾತು.

ನಗರದಲ್ಲಿ ಒಂದು, ದಾರಿಯಲ್ಲಿ ಇನ್ನೊಂದು. ಇಂಜಿನ್ನಿನ ಪೇಚು ಇದು. ಕೊನೆಯದಾಗಿ ಆ ದಾರಿಯ ಮಾತು. ನಮ್ಮವರು ಈ ಗಾಡಿ ಕೊಳ್ಳುವಾಗ ಮನಸ್ಸಿನಲ್ಲಿ ಇರುವುದೇ ಊರು.

ಥಾಣೆಯಿಂದ ಉಡುಪಿಗೆ ಎರಡು ದಾರಿ. ಒಂದು ಪನ್ವೇಲಿನಿಂದ ಕರಾವಳಿಗುಂಟ ಹೆದ್ದಾರಿ 66. ಹತ್ತಿರದ ದಾರಿ. ಆದರೆ ಪನ್ವೇಲ್‌ನಿಂದ ಮುಂದಿನ ಭಾಗದ ಅಗಲೀಕರಣ 2011ರಲ್ಲಿ ಶುರುವಾದದ್ದು, ವರ್ಷಗಟ್ಟಲೆ ಕುಂಟಿತು. ಇನ್ನೊಂದು ಎಕ್ಸ್‌ಪ್ರೆಸ್‌ವೇ, ಪುಣೆ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ. ಅಲ್ಲಿಂದ ಯಲ್ಲಾಪುರ, ಅರಬೈಲು ಘಾಟಿ ಇಳಿದು ಅಂಕೋಲಾ. ಹತ್ತಿರ ಹತ್ತಿರ 900 ಕಿಲೋಮೀಟರ್. ಹೆಚ್ಚಿನವರು ಈ ದಾರಿಯನ್ನೇ ಹಿಡಿಯುತ್ತಾರೆ, ನಿಪ್ಪಾಣಿ ದಾಟಿದ ಮೇಲೆ ಕನ್ನಡದ ಬೋರ್ಡು ನೋಡಿ ಚಹಾಕ್ಕೆ ಇಳಿಯುತ್ತಾರೆ.

ಈ ದಾರಿಯಲ್ಲಿ ಗಾಡಿ ಹೇಗೆ? ನೂರರ ವೇಗದವರೆಗೆ ಸೊಗಸು. ಅದರ ಮೇಲೆ ಎತ್ತರ ತನ್ನ ಸುಂಕ ಕೇಳುತ್ತದೆ. ಗಾಳಿಗೆ ಮೈ ಓಲಾಡುತ್ತದೆ. ತಿರುವಿನಲ್ಲಿ ಹಿಂದೆ ಕೂತವರಿಗೆ ಹೊಟ್ಟೆ ತೊಳಸುತ್ತದೆ. ಅರಬೈಲಿನಲ್ಲಿ ಸೆಡಾನ್ ನೆಲ ಕಚ್ಚಿ ತಿರುಗುವ ಹಾಗೆ ಇದು ತಿರುಗುವುದಿಲ್ಲ. ಹೆಚ್ಚಿನ ಗಾಡಿಗಳಲ್ಲಿ ಸ್ಟೆಪ್ನಿ ಬೇರೆ ಸಣ್ಣ ಗಾತ್ರದ್ದು, 80ರ ವೇಗ ದಾಟಬಾರದು ಎಂದು ಅದರ ಮೇಲೇ ಬರೆದಿರುತ್ತದೆ. ರಾತ್ರಿ ಯಲ್ಲಾಪುರದ ಕಾಡಿನಲ್ಲಿ ಟೈರು ಒಡೆದವರಿಗೆ ಆ ಬರಹದ ಅರ್ಥ ಪೂರ್ತಿ ತಿಳಿಯುತ್ತದೆ. ಹೊರಡುವ ಮುನ್ನ ಟೈರಿನ ಗಾಳಿಯನ್ನು ತುಂಬಿದ ಗಾಡಿಯ ಅಳತೆಗೆ ಏರಿಸಿ. ಅಳತೆ ಡ್ರೈವರ್ ಬಾಗಿಲ ಕಂಬದ ಮೇಲೆ ಅಂಟಿಸಿರುತ್ತದೆ.

ಊರು ಮುಟ್ಟಿದ ಮೇಲೆ ಇನ್ನೊಂದು ಗುಟ್ಟು ರಟ್ಟಾಗುತ್ತದೆ. ಜೀಪಿನ ಗತ್ತಿದ್ದರೂ ಇಂಥ ಹೆಚ್ಚಿನ ಗಾಡಿಗಳಲ್ಲಿ ಇಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಗಾಲಿಗೆ ಮಾತ್ರ. ಮಳೆಗಾಲದಲ್ಲಿ ತೋಟದ ಮನೆಯ ಕೆಂಪು ಮಣ್ಣಿನ ಏರು ಹತ್ತುವಾಗ ಗಾಲಿ ಇದ್ದಲ್ಲೇ ತಿರುಗುತ್ತದೆ. ಪಕ್ಕದ ಮನೆಯ ಹಳೆಯ ಜೀಪು ಹಗ್ಗ ಕಟ್ಟಿ ಎಳೆಯಲು ಬರುತ್ತದೆ. ಮಳೆಗಾಲದ ಹೆದ್ದಾರಿಯೂ ನಂಬುವಂಥದ್ದಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ದಾರಿಯೇ ಮುಚ್ಚಿಹೋದದ್ದು ನಿಮಗೆ ನೆನಪಿದೆ.

ರೈಲು ಇಲ್ಲವೇ? ಇದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದಂದಿನಿಂದ ಮತ್ಸ್ಯಗಂಧ ರೈಲು ನಮ್ಮನ್ನು ಥಾಣೆಯಲ್ಲಿ ಹತ್ತಿಸಿಕೊಂಡು ಬೆಳಗಾಗುವಷ್ಟರಲ್ಲಿ ಊರಿಗೆ ಬಿಡುತ್ತದೆ. 2025ರ ಆಗಸ್ಟಿನಲ್ಲಿ ಕೊಂಕಣ ರೈಲ್ವೆ ಇನ್ನೊಂದು ಹೊಸತು ಮಾಡಿತು. ಮಹಾರಾಷ್ಟ್ರದ ಕೋಲಾಡಿನಿಂದ ಗೋವಾದ ವೆರ್ಣಾಕ್ಕೆ ಕಾರನ್ನೇ ರೈಲಿಗೆ ಏರಿಸಿ ಒಯ್ಯುವುದು. ಕಾರಿಗೆ ಆಗ ಸುಮಾರು 8 ಸಾವಿರ ರೂಪಾಯಿ. ಉಡುಪಿಯವರೆಗೆ ಅದು ಬಂದ ದಿನ ನಾನೇ ಮೊದಲ ಸಾಲಿನಲ್ಲಿ ನಿಲ್ಲುತ್ತೇನೆ.

ನನ್ನ ತೀರ್ಪು ಕೇಳಿದರೆ ಹೇಳುತ್ತೇನೆ. ಮನೆಯಲ್ಲಿ ನಾಲ್ವರು, ಅದರಲ್ಲಿ ಒಬ್ಬರು ಹಿರಿಯರು, ವಾರದ ದಿನ ಲೋಕಲ್ ರೈಲು, ಭಾನುವಾರ ಡೊಂಬಿವಲಿ ಕರ್ನಾಟಕ ಸಂಘದ ಕಾರ್ಯಕ್ರಮವೋ ನೆಂಟರ ಮನೆಯೋ, ವರ್ಷಕ್ಕೆ ಒಂದೆರಡು ಸಲ ಊರು. ಇಂಥವರು ಕೊಳ್ಳಿ. ಪೆಟ್ರೋಲ್, ಟರ್ಬೊ ಇರುವುದು, ನಡುವಿನ ಮಾದರಿ, ಹದಿನಾರು ಇಂಚಿನ ಗಾಲಿ, ಆರು ಏರ್‌ಬ್ಯಾಗ್. ಸನ್‌ರೂಫಿನ ಹಣದಲ್ಲಿ ವಿಮೆಯ ಆ ಕಲಮು ಸೇರಿಸಿ. ಐವರು ದೊಡ್ಡವರಿದ್ದರೆ ಬೇಡ. ಒಂದೋ ಇನ್ನಷ್ಟು ಹಣ ಕೂಡಿಸಿ ಗೆರೆಯಾಚೆಗೆ ಹೋಗಿ, ಇಲ್ಲವೇ ಸಣ್ಣ ಕಾರಿನಲ್ಲಿ ಇದ್ದು ಊರಿಗೆ ರೈಲು ಹತ್ತಿ. ಪಾರ್ಕಿಂಗ್ ಇಲ್ಲದವರು ಯಾವ ಗಾಡಿಯನ್ನೂ ಕೊಳ್ಳಬೇಡಿ.

ಕೊಳ್ಳುವವರಲ್ಲಿ ಒಂದು ಕೋರಿಕೆ. ಟೆಸ್ಟ್ ಡ್ರೈವ್ ಎಂದು ಶೋರೂಮಿನವರು ಹೆದ್ದಾರಿಯಲ್ಲಿ ಒಂದು ಸುತ್ತು ಹಾಕಿಸಿ ಕಳಿಸುತ್ತಾರೆ. ಒಪ್ಪಬೇಡಿ. ಆ ಗಾಡಿಯನ್ನು ನಿಮ್ಮ ಕಟ್ಟಡಕ್ಕೇ ತರಿಸಿ. ನಿಮ್ಮ ಜಾಗದಲ್ಲೇ ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆಯಿರಿ, ಅಮ್ಮನನ್ನು ಹತ್ತಿಸಿ ಇಳಿಸಿ ನೋಡಿ. ಬುಕಿಂಗ್ ಹಣ ಕೊಡುವುದು ಅದರ ಮೇಲೆ.